ಶಜ್ರಾದಲ್ಲಿ ಇಲ್ಲದ ಹೆಸರುಗಳು

ಈದ್‌ನ ಮರುದಿನವೋ, ಆಳಂದದ ಲಾಡ್ಲೆ ಮಶಾಕರ ಉರುಸಿನ ಹೊತ್ತಿಗೋ, ಯಾರದೋ ಮದುವೆಯ ನೆಪದಲ್ಲೋ ಖಾನದಾನಿನವರೆಲ್ಲ ಒಂದೆಡೆ ಸೇರುವುದು ನಮ್ಮ ಕಡೆ ಹಳೆಯ ರೂಢಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ, ದುಡಿಯಲು ಹೋದ ಸೊಲ್ಲಾಪುರ, ಪುಣೆ, ಹೈದರಾಬಾದುಗಳಿಂದ, ರಜೆ ಸಿಕ್ಕರೆ ಗಲ್ಫ್ ದೇಶಗಳಿಂದಲೂ ಜನ ಬರುತ್ತಾರೆ. ಉದ್ದಕ್ಕೆ ದಸ್ತರಖಾನ್ ಹಾಸುತ್ತಾರೆ. ತಹರಿ, ದಾಲ್ಚಾದ ಪಕ್ಕದಲ್ಲೇ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇರುತ್ತವೆ. ಊಟವಾದ ಮೇಲೆ ಹಿರಿಯರು ಕಥೆಗೆ ಕೂರುತ್ತಾರೆ. ಪರದಾದಾ ಎಲ್ಲಿಂದ ಬಂದರು, ಯಾವ ಬಾವಿ ತೋಡಿಸಿದರು, ಯಾವ ಬರಗಾಲದಲ್ಲಿ ಊರಿಗೆ ಜೋಳ ಹಂಚಿದರು ಎಂಬ ಮಾತುಗಳ ನಡುವೆ ಯಾರಾದರೊಬ್ಬರು ಶಜ್ರಾ ಬಿಚ್ಚಿ ತೋರಿಸುತ್ತಾರೆ.

ಶಜ್ರಾ ಎಂದರೆ ವಂಶಾವಳಿ. ಪದದ ಮೂಲಾರ್ಥ ಮರ. ಆ ಮರದಲ್ಲಿ ಅಪ್ಪನಿಂದ ಮಗ, ಮಗನಿಂದ ಮೊಮ್ಮಗ ಎಂದು ಕೊಂಬೆಗಳು ಇಳಿಯುತ್ತವೆ. ಇದು ಮುಸ್ಲಿಮರದಷ್ಟೇ ಪದ್ಧತಿಯಲ್ಲ. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು, ರೈತರ ಮನೆಯ ಮುಂದೆ ಅವರ ಪೂರ್ವಜರ ಹೆಸರು ಹೇಳಿ ಕಾಳು ಪಡೆಯುತ್ತಿದ್ದ ಹೆಳವರ ಲೆಕ್ಕವೂ ಮುಖ್ಯವಾಗಿ ಗಂಡಸರದೇ. ಅಡುಗೆ ಮಾಡಿದವರು, ಹೆತ್ತವರು, ಆ ಕಥೆಗಳನ್ನು ಮಕ್ಕಳ ಕಿವಿಗೆ ಹಾಕಿದವರು ಹೆಂಗಸರು. ಅವರ ಹೆಸರು ಮಾತ್ರ ಕಾಗದದಲ್ಲಿಲ್ಲ. ಹಾಗಾದರೆ ಇಂತಹ ಕೂಟದಲ್ಲಿ ನಾವು ಸಂಭ್ರಮಿಸುವುದು ಏನನ್ನು?

ವಂಶದ ಹೆಮ್ಮೆಯನ್ನು ಎಂದರೆ, ಅದಕ್ಕೆ ಆಧಾರ ಸಿಗುವುದು ಕಷ್ಟ. ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ, ವಂಶವೆಂಬುದು ಬಹುಮಟ್ಟಿಗೆ ಕಲ್ಪನೆ, ಅದರಿಂದ ಹುಟ್ಟುವ ಪರಸ್ಪರ ನೆರವಿನ ಸಂಬಂಧದಲ್ಲಷ್ಟೇ ಅದರ ಉಪಯೋಗವಿದೆ ಎಂಬ ಅರ್ಥದಲ್ಲಿ ವಾದಿಸಿದ್ದಾನೆ. ಮನೆತನದ ಘನತೆ ಸಾಮಾನ್ಯವಾಗಿ ನಾಲ್ಕು ತಲೆಮಾರಿಗೆ ಸವೆದುಹೋಗುತ್ತದೆ ಎಂಬುದೂ ಅವನ ಲೆಕ್ಕ. ಕುಲ, ಬುಡಕಟ್ಟುಗಳಿರುವುದು ಪರಸ್ಪರ ಗುರುತಿಸಲಿಕ್ಕೆ, ಮೇಲ್ಮೆ ಇರುವುದು ದೇವಭಕ್ತಿಯಲ್ಲಿ ಎಂಬುದು ಕುರ್‌ಆನಿನ ಹುಜುರಾತ್ ಅಧ್ಯಾಯದ ಬೋಧನೆ. ನಮ್ಮ ನೆಲದಲ್ಲೇ, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆ ಕುಲದ ಹೆಮ್ಮೆಯನ್ನೇ ಪ್ರಶ್ನಿಸಿತ್ತು.

ಹಾಗೆಂದು ಸೇರುವುದನ್ನು ಬಿಡಬೇಕೆಂದಲ್ಲ. ರಕ್ತಸಂಬಂಧವನ್ನು ಕಾಪಾಡಿಕೊಳ್ಳುವುದು ಇಸ್ಲಾಮಿನಲ್ಲಿ ಕರ್ತವ್ಯ. ಅದನ್ನು ‘ಸಿಲಾ ರಹಮಿ’ ಎನ್ನುತ್ತಾರೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಮಾತಿನ ಬೇರು ‘ರಹಿಮ್’, ಅಂದರೆ ತಾಯಿಯ ಗರ್ಭ. ದಯೆಯೆಂಬ ಅರ್ಥದ ‘ರಹಮ್’ ಕೂಡ ಅದೇ ಬೇರಿನದು. ಕರ್ತವ್ಯಕ್ಕೆ ಹೆಸರು ಕೊಟ್ಟದ್ದು ತಾಯಿಯ ಗರ್ಭ; ಶಜ್ರಾ ಬರೆಯುವಾಗ ಬಿಟ್ಟುಹೋದದ್ದೂ ತಾಯಿಯೇ.

ಹೆಸರು ಬಿಟ್ಟುಹೋದರೆ ಏನಾಯಿತು ಎನ್ನಬಹುದು. ಹೆಸರಿನ ಹಿಂದೆ ಹೊಲ ಇರುತ್ತದೆ. ತೊಗರಿ ಬೆಳೆಯುವ ಈ ತಾಲೂಕುಗಳಲ್ಲಿ ಆಸ್ತಿ ಎಂದರೆ ಮುಖ್ಯವಾಗಿ ಭೂಮಿ. ಕುರ್‌ಆನಿನ ನಿಸಾ ಅಧ್ಯಾಯ ಮಗನ ಪಾಲಿನ ಅರ್ಧವನ್ನು ಮಗಳಿಗೆ ಗೊತ್ತುಮಾಡಿದೆ. ಆದರೆ 1937ರ ಶರೀಅತ್ ಅನ್ವಯ ಕಾಯ್ದೆಯನ್ನು ಕೃಷಿ ಭೂಮಿಯನ್ನು ಹೊರಗಿಟ್ಟೇ ರೂಪಿಸಲಾಯಿತು. ಹಿಂದೂ ಕುಟುಂಬಗಳಲ್ಲಿ ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟವು. ಆದರೂ ಎರಡೂ ಕಡೆ ನಡೆಯುವುದು ಹೆಚ್ಚುಕಡಿಮೆ ಒಂದೇ: ಅಕ್ಕತಂಗಿಯರು ಹಕ್ಕು ಬಿಟ್ಟ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾರೆ. “ತವರಿನ ಬಾಗಿಲು ತೆರೆದಿರಲಿ, ಅಷ್ಟು ಸಾಕು ಭಾಯಿಜಾನ್” ಎನ್ನುತ್ತಾರೆ. ಇದನ್ನು ತ್ಯಾಗವೆಂದು ಹೊಗಳುತ್ತೇವೆ. ಕೇಳಿದರೆ ಬಾಗಿಲು ಮುಚ್ಚಬಹುದು ಎಂಬ ಅಂಜಿಕೆಯಿಂದ ಕೊಟ್ಟದ್ದು ತ್ಯಾಗವಾಗುವುದು ಹೇಗೆ?

ಇದಕ್ಕೆ ರೈತರಲ್ಲಿ ಒಂದು ಉತ್ತರವಿದೆ, ಅದು ಸುಳ್ಳಲ್ಲ. ಮಳೆ ನಂಬಿದ ಐದಾರು ಎಕರೆಯನ್ನು ಇನ್ನೂ ಹಂಚಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ ಎನ್ನುತ್ತಾರೆ. ಆದರೆ ಅದೇ ಹೊಲವನ್ನು ನಾಲ್ವರು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಈ ಮಾತು ಅಡ್ಡ ಬರುವುದಿಲ್ಲ. ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ, ಹೆಣ್ಣಿಗೂ ಪಾಲಿದೆ ಎಂದು ಅದೇ ನಿಸಾ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಹೊಲ ಒಡೆಯುವುದು ಬೇಡವೆಂದರೆ ಬೆಲೆ ಕಟ್ಟಿ ಕಂತುಗಳಲ್ಲಿ ಹಣ ಕೊಡಬಹುದು, ವರ್ಷವರ್ಷ ಫಸಲಿನ ಪಾಲು ಕಳಿಸಬಹುದು. ಮನಸ್ಸಿದ್ದರೆ ದಾರಿಗಳಿವೆ.

ಕೂಟದ ಕಥೆಗಳಲ್ಲೂ ಇಂತಹದೇ ಖಾಲಿ ಜಾಗವಿದೆ. ಕುದುರೆ ಏರಿ ಬಂದ ಪೂರ್ವಜನ ಕಥೆ ಎಲ್ಲರಿಗೂ ಬಾಯಿಪಾಠ. 1948ರ ಮಾತು ಬಂದರೆ ಹಿರಿಯರು ಸುಮ್ಮನಾಗುತ್ತಾರೆ. ರಜಾಕಾರರ ದೌರ್ಜನ್ಯದ ನಂತರ, ಆ ವರ್ಷದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲೂ ಆಮೇಲೂ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾವೂ ಒಂದು. ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಅದೇ ವರದಿ ನೆನೆಯುತ್ತದೆ. ಆ ವರ್ಷದಲ್ಲಿ ನಿಂತುಹೋದ ಕೊಂಬೆಗಳ ಕೆಳಗೆ, ವಿಧವೆಯರಾಗಿ ಮಕ್ಕಳನ್ನು ಸಾಕಿದವರ ಹೆಸರು ಬರೆಯಬೇಕಲ್ಲವೇ? ಆಶ್ರಯ ಕೊಟ್ಟವರು ರಕ್ತಸಂಬಂಧಿಗಳಲ್ಲ ಎಂಬ ಕಾರಣಕ್ಕೆ ಅವರನ್ನು ಮರೆಯಬಹುದೇ?

ಆಳಂದ ತಾಲೂಕಿನಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಜೇವರ್ಗಿಯ ಕಡೆ ಹರಿಯುವ ನೀರಿಗೆ ಭೀಮಾ ಎಂದೇ ಹೆಸರು. ನಮ್ಮ ಮೂರು ತಾಲೂಕಿನ ಹೆಣ್ಣುಮಕ್ಕಳೂ ಹೀಗೇ ಒಂದೂರಿನಿಂದ ಇನ್ನೊಂದೂರಿಗೆ ಹೋಗಿ ಸೇರಿದವರು. ಹೆಸರು ಉಳಿಯದಿದ್ದರೂ ಅವರು ತಂದದ್ದೆಲ್ಲ ಆ ಮನೆಗಳಲ್ಲಿ ಇದ್ದೇ ಇದೆ.

ಮುಂದಿನ ಸಲ ಖಾನದಾನ್ ಸೇರಿದಾಗ ಎರಡು ಕೆಲಸ ಮಾಡಬಹುದು. ಶಜ್ರಾದ ಹಾಳೆಯಲ್ಲಿ ಪ್ರತಿ ಅಪ್ಪನ ಪಕ್ಕದಲ್ಲಿ ಅಮ್ಮನ ಹೆಸರು, ಪ್ರತಿ ಮಗನ ಪಕ್ಕದಲ್ಲಿ ಮಗಳ ಹೆಸರು ಬರೆಯೋಣ. ದಾದಿ, ಫುಪ್ಪಿ, ಖಾಲಾಗಳನ್ನು ಕೇಳಿದರೆ ಎಷ್ಟೋ ಹೆಸರುಗಳು ಇನ್ನೂ ಸಿಗುತ್ತವೆ. ಎರಡನೆಯದು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿದ ತಂಗಿಯನ್ನು ಎಲ್ಲರೆದುರಿಗೆ ಅಲ್ಲ, ಅವಳೊಬ್ಬಳೇ ಇರುವಾಗ ಅಣ್ಣ ಕೇಳಲಿ: “ನಿನ್ನ ಪಾಲು ನಿನಗೆ ಬೇಕೇನಮ್ಮಾ?” ಉತ್ತರ ಏನೇ ಬರಲಿ, ಅದನ್ನು ನಡೆಸಿಕೊಡುವ ಸಿದ್ಧತೆಯಿಂದಲೇ ಕೇಳಲಿ.