‘ವಯಸ್ಸಾಯಿತಲ್ಲ’ ಎನ್ನುವ ಮೊದಲು

“ವಯಸ್ಸಾಯಿತಲ್ಲ, ಇನ್ನೇನು ಮಾಡಲಿಕ್ಕಾಗುತ್ತದೆ?” ನಮ್ಮ ಹಳ್ಳಿ-ಪಟ್ಟಣಗಳ ವೃದ್ಧರು ಮನೆಯಲ್ಲೂ ಆಸ್ಪತ್ರೆಯಲ್ಲೂ ಕೇಳುತ್ತಲೇ ಇರುವ ಮಾತಿದು. ಮಂಡಿನೋವಿಗೂ ಇದೇ ಉತ್ತರ, ಮರೆವಿಗೂ ಇದೇ ಉತ್ತರ, ರಾತ್ರಿ ನಿದ್ದೆ ಬಾರದಿದ್ದರೂ ಇದೇ ಉತ್ತರ. ಹೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಕೆಲವೊಮ್ಮೆ ಸಮಾಧಾನದ ಧ್ವನಿಯೂ ಇರುತ್ತದೆ. ಆದರೆ ಇದು ರೋಗನಿದಾನವಲ್ಲ, ಒಂದು ತೀರ್ಪು. ಇನ್ನು ನಿಮಗಾಗಿ ಹುಡುಕುವ, ಯೋಚಿಸುವ ಅಗತ್ಯವಿಲ್ಲ ಎಂಬ ತೀರ್ಪು. ಇಂತಹ ತೀರ್ಪು ಕೊಡುವ ಹಕ್ಕು ಯಾರಿಗಿದೆ? ಇದು ಕೇವಲ ವೈದ್ಯಕೀಯ ಪ್ರಶ್ನೆಯಲ್ಲ, ನೈತಿಕ ಪ್ರಶ್ನೆಯೂ ಹೌದು.

ವೃದ್ಧರ ವೈದ್ಯಶಾಸ್ತ್ರ ಬೆಳೆದದ್ದೇ ಈ ತೀರ್ಪನ್ನು ಪ್ರಶ್ನಿಸುವ ಮೂಲಕ. ‘ಜೀರಿಯಾಟ್ರಿಕ್ಸ್’ ಎಂಬ ಹೆಸರನ್ನು 1909ರಲ್ಲಿ ಕೊಟ್ಟವರು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಶರ್. ಮಕ್ಕಳ ಕಾಯಿಲೆಗೆ ಪ್ರತ್ಯೇಕ ಶಾಸ್ತ್ರವಿರುವಂತೆ ಮುದುಕರ ಕಾಯಿಲೆಗೂ ಇರಬೇಕೆಂಬುದು ಅವರ ವಾದವಾಗಿತ್ತು. ಅದನ್ನು ಆಸ್ಪತ್ರೆಯಲ್ಲಿ ಮಾಡಿ ತೋರಿಸಿದವರು ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರನ್. 1935ರಲ್ಲಿ ಲಂಡನ್ ಸಮೀಪದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದಲ್ಲಿದ್ದ ನಿರ್ಗತಿಕರ ಚಿಕಿತ್ಸಾಲಯವನ್ನು ವಹಿಸಿಕೊಂಡಾಗ ಅಲ್ಲಿನ 700ಕ್ಕೂ ಹೆಚ್ಚು ರೋಗಿಗಳ ಹೊಣೆ ಅವರ ಮೇಲೆ ಬಿತ್ತು. ಅವರಲ್ಲಿ ಬಹಳ ಮಂದಿ ಸರಿಯಾದ ಪರೀಕ್ಷೆಯೇ ಇಲ್ಲದೆ ದೀರ್ಘಕಾಲ ಹಾಸಿಗೆ ಹಿಡಿದಿದ್ದ ವೃದ್ಧರು. ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ಎಬ್ಬಿಸಿ ಕೂರಿಸಿದರು, ನಡೆಯುವ ಅಭ್ಯಾಸ ಮಾಡಿಸಿದರು. ಎಷ್ಟೋ ಮಂದಿ ಮತ್ತೆ ಓಡಾಡಿದರು. ಮನೆಗೆ ಮರಳಿದವರೂ ಇದ್ದರು. ಅವರ ಕೈಯಲ್ಲಿ ಪವಾಡದ ಔಷಧಿಯೇನೂ ಇರಲಿಲ್ಲ. ಇಲ್ಲೊಂದು ವಿಷಯ ಗಮನಿಸಬೇಕು: ಈ ವಿದ್ಯೆ ಬೆಳೆದದ್ದು ಶ್ರೀಮಂತರ ಆಸ್ಪತ್ರೆಯಲ್ಲಲ್ಲ, ಯಾರಿಗೂ ಬೇಡವಾದ ಬಡವರ ಹಾಸಿಗೆಗಳ ನಡುವೆ.

ಇದರಲ್ಲಿ ಕಲಿಯಬೇಕಾದದ್ದೇನಿದೆ, ಕರುಣೆ ಇದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಮುಪ್ಪಿನ ದೇಹ ತನ್ನ ರೋಗವನ್ನು ಬೇರೆಯೇ ರೀತಿಯಲ್ಲಿ ಹೇಳಿಕೊಳ್ಳುತ್ತದೆ. ಎದೆನೋವಿಲ್ಲದೆ ಹೃದಯಾಘಾತವಾಗಬಹುದು, ಜ್ವರವಿಲ್ಲದೆ ನ್ಯುಮೋನಿಯಾ ಬರಬಹುದು. ಸೋಂಕು ತಗಲಿದ ಅಜ್ಜಿ ಒಂದೆರಡು ದಿನಗಳಲ್ಲೇ ಗುರುತು ಸಿಗದಂತೆ ಬಡಬಡಿಸತೊಡಗಬಹುದು. ಅರಳು ಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ. ತರಬೇತಿಯಿಲ್ಲದ ವೈದ್ಯರೂ ಸುಮ್ಮನಾದರೆ ಗುಣವಾಗಬಹುದಾಗಿದ್ದ ಕಾಯಿಲೆ ಪ್ರಾಣ ತೆಗೆಯುತ್ತದೆ. ಖಿನ್ನತೆ ಮರೆವಿನ ವೇಷದಲ್ಲಿ ಬರುತ್ತದೆ. ಕಿವಿ ಮಂದವಾಗಿರುವುದನ್ನು ಬುದ್ಧಿ ಮಂದವಾಗಿದೆಯೆಂದು ತಿಳಿಯಲಾಗುತ್ತದೆ. ಬಿ.ಪಿ. ಮಾತ್ರೆ ಹೆಚ್ಚಾದರೆ ಎದ್ದು ನಿಂತ ಕೂಡಲೇ ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯಬಹುದು. ಹೊಸದೊಂದು ಮಾತ್ರೆ ಬರೆಯುವುದಕ್ಕಿಂತ ಈಗಿರುವ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ಅರಿಯುವುದೇ ಇಲ್ಲಿ ದೊಡ್ಡ ವಿದ್ಯೆ.

ಬಡತನ ಇದಕ್ಕೆ ಇನ್ನೊಂದು ಪದರ ಸೇರಿಸುತ್ತದೆ. ಶೌಚಾಲಯ ದೂರವಿದೆಯೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಅಜ್ಜಿ, ತಿಂಗಳು ಪೂರ್ತಿ ಬರಲೆಂದು ಮಾತ್ರೆಯನ್ನು ಅರ್ಧ ಮಾಡಿ ನುಂಗುವ ಅಜ್ಜ, ಜೀವನವಿಡೀ ಬೀಡಿ ಕಟ್ಟಿ ಬೆನ್ನು ಬಾಗಿದ ತಾಯಿ - ಇವರ ಕಷ್ಟ ಚೀಟಿಯಲ್ಲಿ ಬರೆದಿರುವುದಿಲ್ಲ. ಬೇರೆಯವರಿಗೆ ತಿಳಿಯುವಂತೆ ಹೇಳಲು ಕೆಲವರಿಗೆ ಕನ್ನಡವೂ ಬಾರದು; ಬ್ಯಾರಿಯಲ್ಲೋ ತುಳುವಿನಲ್ಲೋ ಉರ್ದುವಿನಲ್ಲೋ ಲಂಬಾಣಿಯಲ್ಲೋ ಹೇಳಬೇಕು. “ಮಾತ್ರೆ ಯಾಕೆ ಸರಿಯಾಗಿ ತೆಗೆದುಕೊಂಡಿಲ್ಲ?” ಎಂದು ಗದರಿದರೆ ಅವರು ಸುಳ್ಳು ಹೇಳುತ್ತಾರೆ. “ಈ ತಿಂಗಳು ಮಾತ್ರೆ ಸಾಕಾಯಿತೇ ಅಮ್ಮಾ?” ಎಂದು ಕೇಳಿದರೆ ನಿಜ ಹೊರಬರುತ್ತದೆ. ಪ್ರಶ್ನೆಯನ್ನು ಹೀಗೆ ಕೇಳುವುದೂ ತರಬೇತಿಯ ಭಾಗವೇ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅವರಲ್ಲಿ 7 ಕೋಟಿಗೂ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಈ ಶಾಸ್ತ್ರದ ಎಂ.ಡಿ. ಪದವಿ ಆರಂಭವಾದದ್ದು 1996ರಲ್ಲಿ. 2010ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವು ಜಿಲ್ಲಾಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ಕ್ಲಿನಿಕ್ ನಡೆಸುವ ಗುರಿ ಇಟ್ಟುಕೊಂಡಿತು. 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲೂ ಈ ವಿಷಯಕ್ಕೆ ಸ್ಥಾನ ಸಿಕ್ಕಿದೆ. 2024ರಲ್ಲಿ 70 ದಾಟಿದವರೆಲ್ಲರನ್ನೂ ಆಯುಷ್ಮಾನ್ ಭಾರತ್ ವಿಮೆಯ ವ್ಯಾಪ್ತಿಗೆ ತರಲಾಯಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ ಕಾರ್ಡು ಆಸ್ಪತ್ರೆಯ ಬಾಗಿಲು ತೆರೆಯಬಲ್ಲದು, ಒಳಗೆ ಕುಳಿತವರ ಕಣ್ಣು ತೆರೆಸಲಾರದು. ಹಳ್ಳಿಯ ಅಜ್ಜಿಯನ್ನು ಮೊದಲು ನೋಡುವವರು ತಜ್ಞರಲ್ಲ. ಆಶಾ ಕಾರ್ಯಕರ್ತೆ, ನರ್ಸ್, ಆರೋಗ್ಯ ಕೇಂದ್ರದ ವೈದ್ಯರು. ಕಲಿಕೆ ತಲುಪಬೇಕಾದದ್ದು ಅವರಿಗೆ.

ಇದು ಸಾಧ್ಯವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನೆರೆಯ ಕೇರಳದ ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸೆಯ ಪ್ರಯತ್ನ ಮಲಪ್ಪುರಂನಂತಹ ಜಿಲ್ಲೆಗಳಲ್ಲಿ ಊರವರ ಚಳವಳಿಯಾಗಿ ಬೆಳೆಯಿತು. ತರಬೇತಿ ಪಡೆದ ಸ್ವಯಂಸೇವಕರು ಮತ್ತು ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು, ಹುಣ್ಣು ತೊಳೆಯುವುದನ್ನು ಮನೆಯವರಿಗೂ ಕಲಿಸುತ್ತಾರೆ. 2008ರಲ್ಲಿ ಕೇರಳ ಸರಕಾರ ಇದನ್ನು ರಾಜ್ಯದ ನೀತಿಯಾಗಿ ಅಂಗೀಕರಿಸಿತು.

ಇಷ್ಟಾದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಹೆತ್ತವರ ಸೇವೆ ಮಕ್ಕಳ ಕರ್ತವ್ಯವಲ್ಲವೇ, ಅದನ್ನು ಸಂಬಳದ ನೌಕರರಿಗೆ ಒಪ್ಪಿಸುವುದು ಸರಿಯೇ ಎಂಬುದು ಮೊದಲನೆಯದು. ಕರ್ತವ್ಯ ಮಕ್ಕಳದ್ದೇ, ಸಂಶಯವಿಲ್ಲ. ಆದರೆ ಆ ಕರ್ತವ್ಯವನ್ನು ವಾಸ್ತವದಲ್ಲಿ ಹೊರುವವರು ಯಾರು? ಹೆಚ್ಚಾಗಿ ಮಗಳು ಇಲ್ಲವೇ ಸೊಸೆ. ಮೈ ಒರೆಸುವುದು, ಮಲಮೂತ್ರ ಬಳಿಯುವುದು, ರಾತ್ರಿಯಿಡೀ ಎದ್ದಿರುವುದು ಅವಳ ಪಾಲು. ಅವಳಿಗೆ ಏನನ್ನೂ ಕಲಿಸದೆ, ಯಾವ ನೆರವನ್ನೂ ಕೊಡದೆ ಸೇವೆಯ ಮಹಿಮೆಯನ್ನು ಮಾತ್ರ ಹೊಗಳುವುದು ಅವಳಿಗೂ ಅನ್ಯಾಯ, ಆ ವೃದ್ಧರಿಗೂ ಅನ್ಯಾಯ. ಪ್ರೀತಿಯಿಂದಲೇ ತಪ್ಪಾಗಿ ಎತ್ತಿದರೂ ಮೂಳೆ ಮುರಿಯುತ್ತದೆ.

ಎರಡನೆಯದು ಇನ್ನೂ ಕಠಿಣ. ಬಡ ದೇಶದ ಸೀಮಿತ ಹಣ ಬದುಕು ಬಾಕಿ ಇರುವ ಮಗುವಿಗೆ ಹೋಗಬೇಕೇ, ಬದುಕಿ ಮುಗಿಸಿದ ಮುದುಕನಿಗೇ? ಅಜ್ಜಿ ಆರೋಗ್ಯವಾಗಿದ್ದರೆ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಮಗಳು ಕೂಲಿಗೆ ಹೋಗುತ್ತಾಳೆ ಎಂದು ಉತ್ತರಿಸಬಹುದು. ಮಾತು ನಿಜ, ಆದರೆ ಅಪಾಯಕಾರಿ. ಉಪಯೋಗದ ತಕ್ಕಡಿಯಲ್ಲೇ ತೂಗುವುದಾದರೆ ಯಾವ ಕೆಲಸಕ್ಕೂ ಬಾರದೆ ಮಲಗಿದ ಅಜ್ಜಿಯ ಗತಿಯೇನು? ದುಬಾರಿ ಶಸ್ತ್ರಚಿಕಿತ್ಸೆ ಎಲ್ಲರಿಗೂ ಸಿಗದಿರಬಹುದು. ಎಲ್ಲಿ ನಿಲ್ಲಿಸಬೇಕೆಂಬ ಚರ್ಚೆಯೂ ಬೇಕು. ಆದರೆ ಸರಿಯಾಗಿ ಪರೀಕ್ಷಿಸಿದ ನಂತರ “ಇಷ್ಟೇ ಸಾಧ್ಯ” ಎನ್ನುವುದು ಬೇರೆ, ಮುಟ್ಟಿ ನೋಡದೆಯೇ “ವಯಸ್ಸಾಯಿತಲ್ಲ” ಎನ್ನುವುದು ಬೇರೆ. ಮೊದಲನೆಯದು ಮಿತಿಯ ಅರಿವು, ಎರಡನೆಯದು ಮನುಷ್ಯನನ್ನು ಲೆಕ್ಕದಿಂದ ಹೊರಗಿಡುವ ಕ್ರಮ.

ಹಿರಿಯರನ್ನು ಗೌರವಿಸಬೇಕೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಕಾಲಿಗೆರಗುವುದು, ಮೃದುವಾಗಿ ಮಾತನಾಡುವುದು ಗೌರವವೇ. ಅವರ ನೋವಿನ ಕಾರಣವನ್ನು ಹುಡುಕುವಷ್ಟು ವಿದ್ಯೆ ಗಳಿಸುವುದೂ ಗೌರವವೇ. ಮೊದಲನೆಯದನ್ನು ಮನೆ ಕಲಿಸಬಲ್ಲದು. ಎರಡನೆಯದನ್ನು ಕಲಿಸುವ ಹೊಣೆ ಸಮಾಜದ್ದು, ಸರಕಾರದ್ದು.