ಕೊಳ ಒಣಗುವಾಗ ಪಕ್ಕದವನನ್ನು ತಿನ್ನಬಹುದಾ?

ಇವತ್ತಿನ ವಾಕ್ಯಭಾಗ ಗಲಾತ್ಯದವರಿಗೆ ಬರೆದ ಪತ್ರಿಕೆ 5ನೇ ಅಧ್ಯಾಯ, 13ರಿಂದ 15. ಸತ್ಯವೇದ ತೆರೆದಿಟ್ಟುಕೊಳ್ಳಿ. ಒಬ್ಬರನ್ನೊಬ್ಬರು ಕಚ್ಚಿ ನುಂಗಬೇಡಿ, ಕೊನೆಗೆ ಯಾರೂ ಉಳಿಯಲ್ಲ ಅಂತ ಪೌಲನು ಇಲ್ಲಿ ಎಚ್ಚರಿಸುತ್ತಾನೆ. ಇದನ್ನು ಕಾಡುಮೃಗಗಳಿಗೆ ಹೇಳಿದ್ದಲ್ಲ, ಸಭೆಗೆ ಹೇಳಿದ್ದು. ಪ್ರಾರ್ಥನೆ ಮಾಡುವವರು ಯಾಕೆ ಕಚ್ಚುತ್ತಾರೆ? ಇದನ್ನು ಯೋಚಿಸುವಾಗ ನನಗೆ ಒಂದು ಸಣ್ಣ ಹುಳು ತುಂಬ ಸಹಾಯ ಮಾಡಿತು. ಮೊದಲು ಅದರ ವಿಷಯ ಹೇಳ್ತೀನಿ.

ಅದರ ಹೆಸರು ಕ್ಯಾಡಿಸ್. ಬೆಳೆದ ಮೇಲೆ ಪತಂಗದ ಹಾಗೆ ಹಾರುತ್ತೆ, ಆದರೆ ಮರಿಹುಳುವಾಗಿದ್ದಾಗ ನೀರಿನೊಳಗೇ ವಾಸ. ಮೈ ತುಂಬ ಮೆತ್ತಗೆ. ಹಾಗಾಗಿ ಬಾಯಿಯ ಹತ್ತಿರದಿಂದ ರೇಷ್ಮೆ ಎಳೆ ತೆಗೆದು, ತಳದಲ್ಲಿ ಸಿಕ್ಕ ಎಲೆ ಚೂರು, ಕಡ್ಡಿ, ಮರಳಿನ ಕಾಳುಗಳನ್ನು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಳ್ಳುತ್ತೆ. ತಲೆ ಮತ್ತು ಆರು ಕಾಲು ಮಾತ್ರ ಹೊರಗೆ. ಹೋದಲ್ಲೆಲ್ಲ ಗೂಡನ್ನು ಎಳೆದುಕೊಂಡೇ ಹೋಗುತ್ತೆ, ಮೈ ಬೆಳೆದ ಹಾಗೆ ಗೂಡನ್ನೂ ದೊಡ್ಡದು ಮಾಡುತ್ತೆ. ನೋಡಿದರೆ ಎಂಥ ಸಾಧು ಜೀವಿ ಅನ್ನಿಸುತ್ತೆ. ಊಟವೂ ಸಾಧುವೇ, ಕೊಳೆತ ಗಿಡಗಳ ಚೂರು.

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ನಡುವೆ, ಮೆಕ್ಸಿಕನ್ ಕಟ್ ಅನ್ನುವ ಜಾಗವಿದೆ. 3,400 ಮೀಟರಿಗೂ ಮೇಲೆ. ಅಲ್ಲಿ ಹಿಮ ಕರಗಿ ತುಂಬುವ ಕೊಳಗಳಿವೆ. ಕೆಲವು ಕೊಳಗಳಲ್ಲಿ ನೀರು ಯಾವಾಗಲೂ ಇರುತ್ತೆ, ಕೆಲವು ಬೇಸಿಗೆಯಲ್ಲೇ ಒಣಗಿಹೋಗುತ್ತವೆ. ಸ್ಕಾಟ್ ವಿಸಿಂಜರ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಅಲ್ಲಿ ಅನೇಕ ವರ್ಷ ಈ ಹುಳುಗಳನ್ನು ಗಮನಿಸಿದರು. ಒಣಗುವ ಕೊಳದಲ್ಲಿ ಅಸಿನಾರ್ಕಸ್ ಅನ್ನುವ ಜಾತಿ ಜಾಸ್ತಿ, ಒಣಗದ ಕೊಳದಲ್ಲಿ ಲಿಮ್ನೆಫಿಲಸ್ ಜಾಸ್ತಿ. ಎರಡೂ ಗೂಡು ಕಟ್ಟುವವೇ, ಎರಡರ ಊಟವೂ ಒಂದೇ. ಎರಡನ್ನೂ ಒಟ್ಟಿಗೆ ಇಟ್ಟಾಗ ಲಿಮ್ನೆಫಿಲಸ್ ಕಡಿಮೆಯಾಗುತ್ತಾ ಬಂತು. ಯಾಕೆ ಅಂತ ಹತ್ತಿರದಿಂದ ನೋಡಿದರೆ, ಎಲೆ ಚೂರು ತಿನ್ನುವ ಈ ಅಸಿನಾರ್ಕಸ್ ಪಕ್ಕದ ಹುಳುವನ್ನೇ ತಿನ್ನುತ್ತಿತ್ತು. ಸ್ವಂತ ಜಾತಿಯನ್ನೂ ಬಿಡಲಿಲ್ಲ, ಗುಂಪಾಗಿ ಮೇಲೆ ಬೀಳುತ್ತಿತ್ತು.

1996ರಲ್ಲಿ ಅವರು ಪ್ರಕಟಿಸಿದ ಈ ಅಧ್ಯಯನದಲ್ಲಿ ಎರಡು ಮಾತು ನನ್ನ ಹೃದಯಕ್ಕೆ ತಾಗಿದವು. ಒಂದು, ಅಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಎರಡು ಜಾತಿ ಒಟ್ಟಿಗಿದ್ದರೂ, ಬೇರೆಬೇರೆ ಇದ್ದರೂ ಬೆಳವಣಿಗೆ ಒಂದೇ ಥರ ಇತ್ತು. ಕೊರತೆ ಇದ್ದದ್ದು ಸಮಯಕ್ಕೆ. ನೀರು ಆರುವ ಮೊದಲು ರೆಕ್ಕೆ ಬರಬೇಕು, ಕೊಳೆತ ಎಲೆಯಲ್ಲಿ ಪ್ರೋಟೀನ್ ಕಡಿಮೆ, ಪಕ್ಕದವನ ಮೈಯಲ್ಲಿ ಅದು ಜಾಸ್ತಿ. ಎರಡು, ಲಿಮ್ನೆಫಿಲಸ್ ಮೇಲೆ ಅದು ಬೀಳುತ್ತಿದ್ದದ್ದು ಗಾತ್ರದಲ್ಲಿ ತಾನು ದೊಡ್ಡದಾಗಿದ್ದಾಗ ಮಾತ್ರ. ಮೊದಲೇ ಬೆಳೆಯಲು ಶುರು ಮಾಡಿದ್ದು, ಹಿಂದೆ ಬಂದದ್ದನ್ನು ತಿಂತು.

ಪ್ರಿಯ ಯೌವನಸ್ಥರೇ, ಈ ಮಾತು ನಮ್ಮ ಆಫೀಸಿನಲ್ಲಿ ಕೇಳಿದ ಹಾಗಿಲ್ವಾ? ಸಂಬಳ ಬರ್ತಿದೆ, ಊಟಕ್ಕೆ ತೊಂದರೆ ಇಲ್ಲ. ಆದರೂ ಮೂವತ್ತರೊಳಗೆ ಸೆಟಲ್ ಆಗಬೇಕು, ಈ ಅಪ್ರೈಸಲ್ ತಪ್ಪಿದರೆ ಮುಗೀತು ಅನ್ನುವ ಭಯ. ಆಗ ಜೂನಿಯರ್ ರಾತ್ರಿ ಕೂತು ಮಾಡಿದ ಕೆಲಸಕ್ಕೆ ನಮ್ಮ ಹೆಸರು ಹಾಕ್ತೀವಿ. ಮ್ಯಾನೇಜರ್ ಹತ್ತಿರ ಒಂದು ಮಾತು ಮೆಲ್ಲಗೆ ಬಿಡ್ತೀವಿ. ಮೇಲಿನವರನ್ನು ಯಾರೂ ಕಚ್ಚಲ್ಲ, ಗಮನಿಸಿದ್ದೀರಾ? ನಮಗಿಂತ ಚಿಕ್ಕವರನ್ನೇ ಕಚ್ಚೋದು. ಭಾನುವಾರ ಕೈ ಎತ್ತಿ ಆರಾಧನೆ ಮಾಡುವಾಗ ಗೂಡು ಅಂದವಾಗಿಯೇ ಕಾಣುತ್ತೆ.

ಒಬ್ಬರು ಕೇಳಬಹುದು, “ಪಾಸ್ಟರ್, ಹಾಗಾದರೆ ಆ ಹುಳು ಪಾಪ ಮಾಡ್ತಾ?” ಇಲ್ಲ. ದೇವರು ಅದಕ್ಕೆ ಆಜ್ಞೆ ಕೊಟ್ಟಿಲ್ಲ. ಜ್ಞಾನೋಕ್ತಿ 6ರಲ್ಲಿ ಇರುವೆಯನ್ನು ನೋಡಿ ಕಲಿಯಲು ಹೇಳಿದೆ, ನಿಜ. ಆದರೆ ಸೃಷ್ಟಿಯಲ್ಲಿ ಕಂಡದ್ದೆಲ್ಲ ನಮಗೆ ಮಾದರಿ ಅಲ್ಲ. ಪ್ರಕೃತಿಯಲ್ಲಿ ಹೀಗೇ ಇದೆ, ಬಲಶಾಲಿ ಉಳೀತಾನೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಹುಳುವಿಗೆ ಬೇರೆ ದಾರಿ ತೋರಿಸಿದವರಿಲ್ಲ, ನಿನಗೆ ಶಿಲುಬೆಯನ್ನು ತೋರಿಸಿದ್ದಾರೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟ. ಕಚ್ಚಿದವರು ನಿಜವಾಗಿ ಮುಂದೆ ಹೋಗ್ತಾರಲ್ಲ? ಹೌದು, ಹೋಗ್ತಾರೆ. ಮಾಂಸ ತಿಂದ ಹುಳು ಬೇಗ ಬೆಳೆಯುತ್ತೆ ಅಂತಲೂ ಆ ವಿಜ್ಞಾನಿಗಳು ಕಂಡರು. ಕೀರ್ತನೆ 73ರಲ್ಲಿ ಆಸಾಫನು ಇದನ್ನೇ ನೋಡಿ ಜಾರಿಬೀಳುವುದರಲ್ಲಿದ್ದ. ಆದ್ದರಿಂದ ನೀವು ನ್ಯಾಯವಾಗಿ ನಡೆದರೆ ಪ್ರಮೋಷನ್ ಸಿಕ್ಕೇ ಸಿಗುತ್ತೆ ಅಂತ ನಾನು ಇಲ್ಲಿ ನಿಂತು ಹೇಳಲಾರೆ. ಸಿಗದೇ ಇರಬಹುದು. ನಿಮ್ಮ ಕೊಳ ನಿಜವಾಗಿಯೂ ಒಣಗಬಹುದು, ಕೆಲಸ ಹೋಗಬಹುದು.

ಹಾಗಾದರೆ ಯಾಕೆ ಕಚ್ಚಬಾರದು? ಯಾಕಂದರೆ ಪಕ್ಕದವನು ನಿನ್ನ ಆಹಾರವಲ್ಲ. ಅವನು ದೇವರ ಸ್ವರೂಪದಲ್ಲಿ ಉಂಟಾದವನು. ಅವನಿಗಾಗಿ ಕ್ರಿಸ್ತನು ಸತ್ತನು. ನಿನ್ನ ಸಮಯ ಕಡಿಮೆ ಆದ ಮಾತ್ರಕ್ಕೆ ಅವನ ಬೆಲೆ ಕಡಿಮೆ ಆಗಲ್ಲ. ಗೂಡು ಕಟ್ಟುವುದು ತಪ್ಪಲ್ಲ, ಓದಿ, ದುಡಿಯಿರಿ, ಮನೆ ಮಾಡಿ. ಆದರೆ ಆ ಹುಳುವೂ ರೆಕ್ಕೆ ಬಂದ ದಿನ ಗೂಡನ್ನು ನೀರಿನಲ್ಲೇ ಬಿಟ್ಟು ಹೋಗುತ್ತೆ. ಬಿಟ್ಟು ಹೋಗುವ ಗೂಡಿಗಾಗಿ ಸಹೋದರನನ್ನು ನುಂಗಬೇಡ.

ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವು ಕರ್ತನ ಮೇಜಿಗೆ ಬರುತ್ತೇವೆ. ಈ ಮೇಜಿನ ಅರ್ಥ ನೋಡಿ. ಒಬ್ಬರನ್ನೊಬ್ಬರು ತಿಂದು ಬದುಕುವ ಲೋಕಕ್ಕೆ ಒಬ್ಬನು ಬಂದನು. ಎಲ್ಲರಿಗಿಂತ ದೊಡ್ಡವನು, ಯಾರನ್ನು ಬೇಕಾದರೂ ನುಂಗಬಲ್ಲವನು. ಆದರೆ ಅವನು ರೊಟ್ಟಿ ಮುರಿದು, ಇದು ನನ್ನ ದೇಹ, ತಿನ್ನಿರಿ ಅಂದನು. ಅವನಿಗೂ ಸಮಯ ಕಡಿಮೆ ಇತ್ತು, ಅದು ಅವನನ್ನು ಹಿಡಿದುಕೊಟ್ಟ ರಾತ್ರಿ. ಹಲ್ಲೆಲೂಯಾ. ಈ ರೊಟ್ಟಿಯಿಂದ ಬದುಕುವವನಿಗೆ ಪಕ್ಕದವನನ್ನು ತಿನ್ನುವ ಅಗತ್ಯವೇ ಇಲ್ಲ.

ರೊಟ್ಟಿ ಮುಟ್ಟುವ ಮೊದಲು ಒಂದು ಹೆಸರನ್ನು ನೆನಪಿಸಿಕೊಳ್ಳಿ. ಯಾರ ಕೆಲಸವನ್ನು, ಯಾರ ಒಳ್ಳೆ ಹೆಸರನ್ನು ತಿಂದಿದ್ದೀರಿ? ನಾಳೆ ಆಫೀಸಿಗೆ ಹೋಗಿ ಅದನ್ನು ಹಿಂದಿರುಗಿಸಿ. ಅದರಿಂದ ನಷ್ಟವಾದರೆ ಆಗಲಿ. ಪವಿತ್ರಾತ್ಮನು ನಮಗೆ ಆ ಧೈರ್ಯ ಕೊಡಲಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಆಮೆನ್.