ಹುಂಜದ ಕೂಗು, ನೆರೆಯವನ ನಿದ್ರೆ

ಯಾರಿಗೂ ಕೇಡನ್ನು ಬಗೆಯದೆ, ತನ್ನ ಹುಟ್ಟುಗುಣಕ್ಕೆ ತಕ್ಕಂತೆ ತನ್ನ ಪಾಡಿಗೆ ತಾನು ಬಾಳುತ್ತಿರುವ ಪ್ರಾಣಿಯೊಂದರಿಂದ ಮತ್ತೊಂದು ಜೀವಕ್ಕೆ ದಿನದಿನವೂ ಕ್ಲೇಶವುಂಟಾಗುವುದಾದರೆ, ಆ ಕ್ಲೇಶದ ಹೊಣೆ ಯಾರದು? ಈ ಪ್ರಶ್ನೆಯು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಚರ್ಚಿತವಾಗತಕ್ಕದ್ದೆಂದು ಎಣಿಸುವಂತಿಲ್ಲ. 2025ರ ಫೆಬ್ರವರಿಯಲ್ಲಿ ಇದೇ ಪ್ರಶ್ನೆ ಕೇರಳದ ಪತ್ತನಂತಿಟ್ಟ ಜಿಲ್ಲೆಯ ಅಡೂರಿನಲ್ಲಿ ಕಂದಾಯ ವಿಭಾಗಾಧಿಕಾರಿಯ ಮುಂದೆ ದೂರಿನ ರೂಪದಲ್ಲಿ ಬಂದಿತ್ತು. ಪಳ್ಳಿಕ್ಕಲ್ ಗ್ರಾಮದ ವೃದ್ಧರೊಬ್ಬರು, ದೇಹಸ್ಥಿತಿ ಸರಿಯಿಲ್ಲದವರು, ನೆರೆಮನೆಯ ಮಹಡಿಯ ಮೇಲಿದ್ದ ಹುಂಜವು ಬೆಳಗಿನ ಜಾವ ಮೂರು ಗಂಟೆಗೇ ಕೂಗತೊಡಗುವುದರಿಂದ ತಮಗೆ ನಿದ್ರೆಯೇ ಇಲ್ಲವಾಗಿದೆಯೆಂದು ಮೊರೆಯಿಟ್ಟಿದ್ದರು. ಅಧಿಕಾರಿಗಳು ಎರಡು ಕಡೆಯವರ ಮಾತನ್ನೂ ಕೇಳಿ, ಸ್ಥಳವನ್ನು ಪರಿಶೀಲಿಸಿ, ಕೋಳಿಗೂಡನ್ನು ಹದಿನಾಲ್ಕು ದಿನಗಳೊಳಗಾಗಿ ಮನೆಯ ಮತ್ತೊಂದು ಪಾರ್ಶ್ವಕ್ಕೆ ಸಾಗಿಸತಕ್ಕದ್ದೆಂದು ಆದೇಶವಿತ್ತರು.

ಇದಕ್ಕೆ ಐದಾರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜದ ಮೇಲೆ ಇಂಥದೇ ವ್ಯಾಜ್ಯ ನಡೆದು, ಬೇರೆಯೇ ಬಗೆಯಲ್ಲಿ ಮುಗಿಯಿತು. ರಜೆಯ ದಿನಗಳನ್ನು ಕಳೆಯುವುದಕ್ಕೆಂದು ಅಲ್ಲಿ ಮನೆ ಮಾಡಿಕೊಂಡಿದ್ದ ದಂಪತಿಗಳು ಕೂಗಿನ ಉಪದ್ರವವನ್ನು ತಡೆಯಬೇಕೆಂದು ಕೇಳಿದರು. ರೋಶ್‌ಫೋರಿನ ನ್ಯಾಯಾಲಯವು 2019ರ ಸೆಪ್ಟೆಂಬರ್ 5ರಂದು ಅವರ ವಾದವನ್ನು ತಳ್ಳಿಹಾಕಿದುದಲ್ಲದೆ, ಹುಂಜದ ಒಡತಿಗೆ ಸಾವಿರ ಯೂರೋ ಪರಿಹಾರವನ್ನೂ ಕೊಡಿಸಿತು. ಮುಂದೆ 2021ರ ಜನವರಿಯಲ್ಲಿ, ಹಳ್ಳಿಗಾಡಿನ ಶಬ್ದಗಳೂ ವಾಸನೆಗಳೂ ನಾಡಿನ ಪರಂಪರಾಗತ ಸಂಪತ್ತಿಗೆ ಸೇರಿದವೆಂದು ಆ ದೇಶವು ಶಾಸನವನ್ನೇ ಮಾಡಿತು. ಒಂದು ಕಡೆ ಗೂಡು ಜರುಗಿತು, ಮತ್ತೊಂದು ಕಡೆ ಹುಂಜ ಗೆದ್ದಿತು. ಇವೆರಡರಲ್ಲಿ ಯಾವುದು ಧರ್ಮಕ್ಕೆ ಹತ್ತಿರವೆಂಬುದನ್ನು ನಿಶ್ಚಯಿಸುವುದಕ್ಕೆ ಮುಂಚೆ, ಆ ಕೂಗು ಎಂಥದೆಂಬುದನ್ನು ಸ್ವಲ್ಪ ನೋಡಬೇಕು.

ಸೂರ್ಯನನ್ನು ಕಂಡು ಹುಂಜ ಕೂಗುತ್ತದೆಂಬುದು ವಾಡಿಕೆಯ ನಂಬಿಕೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಹಗಲಿರುಳೂ ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟು ಪರೀಕ್ಷಿಸಿ, ಅವು ಹೊರಗಣ ಬೆಳಕಿನ ಸೂಚನೆಯೇ ಇಲ್ಲದಿದ್ದರೂ ಹೆಚ್ಚುಕಡಿಮೆ ದಿನಕ್ಕೊಮ್ಮೆ ಬರುವ ಒಂದು ಆಂತರಿಕ ಲಯಕ್ಕೆ ಅನುಸಾರವಾಗಿ ಕೂಗುವುವೆಂದೂ, ಬೆಳಕು ಬರುವುದಕ್ಕೆ ಎರಡು ಗಂಟೆಗಳ ಮುನ್ನವೇ ಕೂಗತೊಡಗುವುವೆಂದೂ 2013ರಲ್ಲಿ ಪ್ರಕಟಿಸಿದರು. ಗುಂಪಿನಲ್ಲಿ ಮೇಲಿನ ಸ್ಥಾನದ ಹುಂಜವೇ ಮೊದಲು ಕೂಗುವುದೆಂದೂ, ಉಳಿದವು ತಮ್ಮ ತಮ್ಮ ಅಂತಸ್ತಿನ ಕ್ರಮದಲ್ಲಿ ಅನುಸರಿಸುವುವೆಂದೂ ಎರಡು ವರ್ಷಗಳ ತರುವಾಯ ಅವರೇ ತೋರಿಸಿಕೊಟ್ಟರು. ಹಾಗಾದರೆ ಆ ಮೂರು ಗಂಟೆಯ ಕೂಗು ದುರಭ್ಯಾಸವಲ್ಲ, ಹಟವಲ್ಲ. ಉಸಿರಾಟದಂತೆ ಅದರ ರಕ್ತದಲ್ಲಿಯೇ ನೆಲೆಸಿರುವ ನಿಯತಿ. ಹ್ರಸ್ವ, ದೀರ್ಘ, ಪ್ಲುತವೆಂಬ ಸ್ವರಮಾತ್ರೆಗಳಿಗೆ ಪಾಣಿನಿಯು ಉಕಾರವನ್ನೇ ನಿದರ್ಶನವಾಗಿ ಹಿಡಿದುದು ಕುಕ್ಕುಟದ ಧ್ವನಿಯಲ್ಲಿ ಆ ಮೂರೂ ಅನುಕ್ರಮವಾಗಿ ಕೇಳಿಬರುವುದರಿಂದಲೆಂದು ವೈಯಾಕರಣರು ಹೇಳುತ್ತ ಬಂದಿದ್ದಾರೆ. ಕೂಗಿನ ಆ ನಿಯತಿಗೆ ಭಂಗವಿಲ್ಲವೆಂಬ ಭರವಸೆಯಿಂದಲೇ ಅಲ್ಲವೆ, ಕೋಳಿ ಕೂಗುವ ಹೊತ್ತೆಂಬುದು ನಮ್ಮ ಹಳ್ಳಿಗಳಲ್ಲಿ ಗಡಿಯಾರಕ್ಕಿಂತ ಹಿಂದಿನ ಕಾಲಮಾನವಾಗಿದ್ದುದು?

ಸಂಕಲ್ಪವಿಲ್ಲದಲ್ಲಿ ಪಾಪವಿಲ್ಲವೆಂಬುದು ನಮ್ಮ ಕರ್ಮವಿಚಾರದ ಒಂದು ದೊಡ್ಡ ಆಧಾರ. ಈ ದೃಷ್ಟಿಯಿಂದ ಹುಂಜವು ನಿರ್ದೋಷಿ. ಆದರೆ ಇದೇ ತತ್ತ್ವಕ್ಕೆ ಮತ್ತೊಂದು ಮುಖವುಂಟು. ಕೊಲ್ಲದಿದ್ದರೂ ಕೊಲ್ಲುವ ಸಂಕಲ್ಪವೇ ಪಾಪವಾಗುವುದೆಂಬ ಆ ಮುಖವನ್ನು ಕನ್ನಡಿಗರಿಗೆ ಮರೆಯಲಾಗದಂತೆ ತೋರಿಸಿಕೊಟ್ಟುದು ಜನ್ನನ ‘ಯಶೋಧರ ಚರಿತೆ’. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ, ಜೀವಬಲಿಗೆ ಒಪ್ಪದ ದೊರೆ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವತೆಗೆ ಬಲಿಗೊಡುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಆ ಒಂದು ಸಂಕಲ್ಪಕ್ಕಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲುತ್ತಾರೆ.

ಹಿಟ್ಟಿನ ಕೋಳಿಯ ಸಂಗತಿ ಎಲ್ಲರಿಗೂ ತಿಳಿದುದು. ಅದೇ ಕಾವ್ಯದ ಕೊನೆಯ ಕಡೆಗೆ ಬರುವ ಮತ್ತೊಂದು ಕೂಗನ್ನು ನಾವು ಅಷ್ಟಾಗಿ ಗಮನಿಸಿಲ್ಲವೆಂದು ನನಗೆ ಅನ್ನಿಸುತ್ತದೆ. ತಾಯಿಮಕ್ಕಳು ಕೋಳಿಗಳಾಗಿ ಹುಟ್ಟಿರುವಾಗ ಮುನಿಯ ಧರ್ಮೋಪದೇಶ ಅವರ ಕಿವಿಗೆ ಬೀಳುತ್ತದೆ. ಹಿಂದಿನ ಭವಗಳೆಲ್ಲ ನೆನಪಿಗೆ ಬರುತ್ತವೆ. ಬಿಡುಗಡೆಯ ದಾರಿ ಕಂಡ ಸಂತೋಷದಿಂದ ಅವು ಕೂಗುತ್ತವೆ. ಸಮೀಪದಲ್ಲಿಯೇ ರಾಣಿಯೊಡನಿದ್ದ ದೊರೆ ಯಶೋಮತಿ, ಅವನು ಆ ಯಶೋಧರನ ಮಗನೇ, ಶಬ್ದವನ್ನು ಕೇಳಿದಲ್ಲಿಗೆ ಬಾಣ ಹೂಡುವ ತನ್ನ ವಿದ್ಯೆಯನ್ನು ಮೆರೆಸಲು ಕೂಗು ಬಂದ ದಿಕ್ಕಿಗೆ ಬಾಣ ಬಿಡುತ್ತಾನೆ. ಎರಡೂ ಕೋಳಿಗಳು ಸಾಯುತ್ತವೆ. ಒಂದು ಜೀವದ ಪರಮಾನಂದವು ಮತ್ತೊಬ್ಬನಿಗೆ ಕೇವಲ ಗುರಿಯಾಯಿತು. ಅವನಿಗೆ ಕೇಳಿಸಿದುದು ಶಬ್ದ ಮಾತ್ರ. ಆ ಶಬ್ದದ ಹಿಂದಿದ್ದ ಜೀವ, ಅದರಲ್ಲಿಯೂ ತನ್ನ ತಂದೆಯ ಮತ್ತು ಅಜ್ಜಿಯ ಜೀವ, ಕೇಳಿಸಲಿಲ್ಲ. ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತು, ಈ ಹಾಳು ಹುಂಜದ ಕತ್ತು ಮುರಿಯಬಾರದೆ ಎಂದು ಹಲ್ಲುಕಡಿಯುವವನು, ಬಾಣವಿಲ್ಲದಿದ್ದರೂ, ಯಶೋಮತಿಯ ಸ್ಥಾನದಲ್ಲಿಯೇ ನಿಂತಿರುತ್ತಾನೆ. ಹುಂಜವು ಪ್ರಾರ್ಥನೆಗೆ ಎಬ್ಬಿಸುವುದರಿಂದ ಅದನ್ನು ಶಪಿಸಕೂಡದೆಂದು ಪ್ರವಾದಿ ಮಹಮ್ಮದರು ಹೇಳಿದುದಾಗಿ ಹದೀಸಿನಲ್ಲಿಯೂ ಬರುತ್ತದೆ. ಆ ನಿಷೇಧವು ಅಗತ್ಯವಾಯಿತೆಂದರೆ, ಶಪಿಸುವವರು ಅಂದೂ ಇದ್ದರೆಂದೇ ಅರ್ಥ.

ಆ ಸಿಟ್ಟು ಎಲ್ಲಿಂದ ಬರುತ್ತದೆ? ಮಲೆನಾಡಿನಲ್ಲಿ ತಂಗಿದ್ದಾಗ ಕಾಡುಕೋಳಿಯ ಕೂಗಿಗೆ ಎಚ್ಚರಗೊಂಡವನು ಆಹಾ ಎಂದು ಮುಸುಕು ತೆಗೆದು ಕಿವಿಗೊಡುತ್ತಾನೆ. ಊರಿಗೆ ಮರಳಿದ ಮೇಲೆ ಪಕ್ಕದ ಮನೆಯ ಹುಂಜದ ಕೂಗನ್ನು ಕೇಳಿ ಅವನೇ ಕುದಿಯುತ್ತಾನೆ. ಕಾಡುಕೋಳಿಯ ಹಿಂದೆ ಒಡೆಯನಿಲ್ಲ. ಪಕ್ಕದ ಮನೆಯ ಕೂಗಿನಲ್ಲಾದರೋ ನೆರೆಯವನ ಅಲಕ್ಷ್ಯವೂ, ಹಿಂದೆಂದೋ ನಡೆದ ಕಾಂಪೌಂಡಿನ ತಕರಾರೂ, ಆಡಿ ಮುಗಿದ ಮಾತುಗಳೂ ಸೇರಿಕೊಂಡು ಕೇಳಿಸುತ್ತವೆ. ಒಂದರ ಮೇಲೆ ಮತ್ತೊಂದನ್ನು ಆರೋಪಿಸಿ ಕಾಣುವ ಇದನ್ನು ವೇದಾಂತಿಗಳು ಅಧ್ಯಾಸವೆಂದರು. ಆದರೆ ಅಡೂರಿನ ವೃದ್ಧರ ನೋವನ್ನು ಕೂಡ ಅಧ್ಯಾಸವೆಂದು ತಳ್ಳಿಬಿಡುವುದು ವೇದಾಂತದ ದುರುಪಯೋಗ. ರೋಗಿಯ ನಿದ್ರಾಭಂಗ ಕಲ್ಪನೆಯಲ್ಲ. ತಾಳಿಕೊಳ್ಳೆಂದು ನೊಂದವನಿಗೆ ತತ್ತ್ವವನ್ನು ಹೇಳುವುದು ಬಹಳ ಸುಲಭ. ಹಾಗೆ ಹೇಳುವವನು ಬಹುಮಟ್ಟಿಗೆ ಕೂಗು ಕೇಳಿಸದ ಬೀದಿಯಲ್ಲಿ ಮಲಗುವವನು.

ಮೈಸೂರಿನ ಅಂಚಿನಲ್ಲಿ, ಹಳೆಯ ಹಳ್ಳಿಯನ್ನು ಸುತ್ತಿಕೊಂಡು ಬೆಳೆದ ನಮ್ಮ ಬಡಾವಣೆಯಲ್ಲಿ, ಹಳ್ಳಿಯ ಕಾಲದಿಂದಲೂ ಕೋಳಿ ಸಾಕಿಕೊಂಡು ಬಂದ ಒಬ್ಬ ಅಜ್ಜಿಯಿದ್ದಾರೆ. ಅವರ ಜಗುಲಿಗೆ ಎದುರಾಗಿ ಹೊಸ ಮನೆ ಕಟ್ಟಿಸಿದ ಉಪಾಧ್ಯಾಯರೊಬ್ಬರು ಅನೇಕ ದಿನ ಒಳಗೊಳಗೇ ನೊಂದು, ಕೊನೆಗೆ ಯಾರಿಂದಲೋ ಹೇಳಿಸಿದರು. ಅಜ್ಜಿ ಆ ರಾತ್ರಿ ಹುಂಜವನ್ನು ಮಂಕರಿಯೊಳಗೆ ಕವುಚಿ, ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೊಂದು ಕಲ್ಲನ್ನಿಟ್ಟರು. ಜಾವದ ಹೊತ್ತಿಗೆ ನಾನು ಅಲ್ಲಿ ಹಾದುಹೋಗುತ್ತಿದ್ದೆ. ಹುಂಜವು ಕೂಗಬೇಕಾದರೆ ಕಾಲೂರಿ, ಎದೆಯುಬ್ಬಿಸಿ, ಕತ್ತನ್ನು ಮೇಲಕ್ಕೆ ನಿಗುಚಬೇಕಷ್ಟೆ. ಇದು ಕತ್ತೆತ್ತಿದಾಗಲೆಲ್ಲ ನೆತ್ತಿ ಮಂಕರಿಗೆ ತಗುಲಿ, ಕೂಗು ಗಂಟಲಲ್ಲಿಯೇ ಮುರಿದು, ಬಿಕ್ಕಿದಂತಹ ಒಂದು ಧ್ವನಿ ಮಾತ್ರ ಗೋಣಿಯ ಕೆಳಗಿನಿಂದ ಹೊರಡುತ್ತಿತ್ತು. ಮತ್ತೆ ಕತ್ತೆತ್ತುವುದು, ಮತ್ತೆ ತಗುಲುವುದು. ಬೀದಿಗೆ ನಿಶ್ಶಬ್ದ ಬಂದಿತ್ತೆಂಬುದೇನೋ ದಿಟ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಗೃಹಸ್ಥನ ಅಹಿಂಸಾವ್ರತಕ್ಕೆ ಒದಗುವ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಬಂಧವನ್ನು; ಹೊಡೆತ, ಅಂಗಚ್ಛೇದ, ಅತಿಭಾರ, ಅನ್ನಪಾನನಿರೋಧಗಳೆಲ್ಲ ಅನಂತರದವು. ಕೂಗಲೇಬೇಕಾದ ಪ್ರಾಣಿಯ ಕತ್ತಿಗೆ ಎಡೆಯಿಲ್ಲದಂತೆ ಮಾಡುವುದೂ, ಕೂಗು ಹೊರಡದಿರಲೆಂದು ಈಗ ಅಂಗಡಿಗಳಲ್ಲಿ ಸಿಕ್ಕುವ ಪಟ್ಟಿಯನ್ನು ಅದರ ಕೊರಳಿಗೆ ಬಿಗಿಯುವುದೂ ಬಂಧವೇ ಎಂದು ನಾನು ಭಾವಿಸುತ್ತೇನೆ. ಹಾಗೆ ಮಾಡುವಾಗ ಮನುಷ್ಯರಿಬ್ಬರು ತಮ್ಮ ನಡುವೆ ಆಡಬೇಕಾಗಿದ್ದ ಮಾತಿನ ಭಾರವನ್ನು ಮೂಕಪ್ರಾಣಿಯ ಕೊರಳಿಗೆ ಕಟ್ಟಿರುತ್ತಾರೆ. ನಮ್ಮ ಬೀದಿಯಲ್ಲಿ ಆ ಮಾತು ಕಡೆಗೂ ನಡೆಯಿತು. ಉಪಾಧ್ಯಾಯರೇ ಹೋಗಿ, “ಅಜ್ಜೀ, ಹುಂಜಾನ ಹಿತ್ತಲ ಕಡೆ ಬಿಡೋಕಾಗುತ್ತಾ?” ಎಂದು ಕೇಳಿದಾಗ, ಅಜ್ಜಿ, “ಅದಕ್ಕೇನಪ್ಪಾ, ಬಿಟ್ಟರಾಯ್ತು. ಇಷ್ಟು ದಿನ ನೀನೇ ಬಂದು ಒಂದು ಮಾತು ಹೇಳಬಾರದಿತ್ತಾ?” ಎಂದರು. ಗೂಡು ಕೊಟ್ಟಿಗೆಯ ಹಿಂದಕ್ಕೆ ಹೋಯಿತು. ಕೂಗು ಈಗಲೂ ಕೇಳಿಸುತ್ತದೆ, ದೂರದಿಂದ.

ಹುಂಜದ ದೇಹರಚನೆಯಲ್ಲಿ ಒಂದು ವಿಶೇಷವುಂಟು. ಅದರ ಕೂಗು ಹತ್ತಿರದಲ್ಲಿ ನೂರು ಡೆಸಿಬಲ್‌ಗೂ ಮೀರುವಷ್ಟು ತೀಕ್ಷ್ಣ. ಆದರೂ ಅದರ ಕಿವಿ ಕೆಡುವುದಿಲ್ಲ. ಕೊಕ್ಕನ್ನು ಪೂರ್ತಿಯಾಗಿ ತೆರೆದಾಗ ಅದರ ಕಿವಿಯ ನಾಳದ ಒಂದು ಭಾಗ ತಾನಾಗಿ ಮುಚ್ಚಿಕೊಳ್ಳುವುದೆಂದೂ, ಕಿವಿತಮ್ಮಟೆಯ ಅರ್ಧದಷ್ಟನ್ನು ಮೃದುವಾದ ಮಾಂಸ ಕವಿಯುವುದೆಂದೂ ಬೆಲ್ಜಿಯಂ ದೇಶದ ಸಂಶೋಧಕರು ಕಂಡುಕೊಂಡಿದ್ದಾರೆ. ಹುಂಜಕ್ಕೆ ಇದು ಪ್ರಕೃತಿ ಕೊಟ್ಟ ರಕ್ಷೆ. ಸಾಕುವವನ ಕಿವಿಗೂ ಅಭ್ಯಾಸಬಲದಿಂದ ಅಂಥದೇ ಒಂದು ಪೊರೆ ಬೆಳೆದಿರುತ್ತದೆ. ನಮಗೆ ಕೇಳಿಸುವುದೇ ಇಲ್ಲವಲ್ಲ ಎಂದು ಅವನು ಹೇಳುವುದು ಸುಳ್ಳಲ್ಲ. ಆದರೆ ಹುಂಜಕ್ಕಿಲ್ಲದ ವಿವೇಕ ಅವನಿಗುಂಟು. ಕೂಗು ಹುಂಜದ ಸ್ವಭಾವ. ಗೂಡಿನ ಸ್ಥಳ ಮನುಷ್ಯನ ಸಂಕಲ್ಪ. ಹುಂಜದ ಪಾಲಿಗೆ ಇಲ್ಲದ ಕರ್ಮವೆಲ್ಲ ಗೂಡನ್ನು ಇಟ್ಟವನ ಪಾಲಿಗೆ ಬರುತ್ತದೆ, ಅದರಲ್ಲಿಯೂ ಪಕ್ಕದ ಮನೆಯಲ್ಲಿ ನರಳುವವರಿದ್ದಾರೆಂದು ತಿಳಿದ ದಿನದಿಂದ.

ಆದುದರಿಂದ ರೋಶ್‌ಫೋರಿನ ತೀರ್ಪಿಗಿಂತ ಅಡೂರಿನ ಆದೇಶವೇ ನನಗೆ ಹೆಚ್ಚು ಧರ್ಮಸಮ್ಮತವಾಗಿ ಕಾಣುತ್ತದೆ. ಫ್ರಾನ್ಸಿನ ನ್ಯಾಯಾಲಯವು ಹಳ್ಳಿಯ ಬಾಳನ್ನು ಕಾಪಾಡಿತೆಂಬುದನ್ನು ನಾನು ಗೌರವದಿಂದಲೇ ಒಪ್ಪುತ್ತೇನೆ. ಬಿಡುವಿಗೆಂದು ಬಂದವರು ನೆಲೆಸಿದವರ ಬಾಳನ್ನೇ ಮೌನಗೊಳಿಸಹೊರಡುವುದು ಅನ್ಯಾಯ. ಆದರೆ ಅಲ್ಲಿ ಒಬ್ಬರು ಗೆದ್ದರು, ಒಬ್ಬರು ಸೋತು ಪರಿಹಾರ ತೆತ್ತರು. ಅಡೂರಿನಲ್ಲಿ ಹುಂಜವನ್ನು ಕೊಲ್ಲಿಸಲಿಲ್ಲ, ಮಾರಿಸಲಿಲ್ಲ, ಅದರ ಬಾಯಿ ಕಟ್ಟಿಸಲಿಲ್ಲ. ಮನುಷ್ಯನ ಸಂಕಲ್ಪಕ್ಕೆ ಸೇರಿದ ಗೂಡನ್ನು ಮಾತ್ರ ಜರುಗಿಸಿದರು. ಕೋಳಿ ಸಾಕಿರುವ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ನೆರೆಯವರು ಕಚೇರಿಯ ಮೆಟ್ಟಿಲು ಹತ್ತುವವರೆಗೆ ಕಾಯದೆ, ಒಂದು ದಿನ ಬೆಳಗಿನ ಜಾವ ಅವರ ಮನೆಯ ಮಲಗುವ ಕೋಣೆಯಲ್ಲಿ ನಿಂತು ನಿಮ್ಮ ಹುಂಜದ ಕೂಗನ್ನು ಕೇಳಿರಿ, ಆಮೇಲೆ ಗೂಡನ್ನು ಎಲ್ಲಿಡಬೇಕೆಂಬುದನ್ನು ನೀವೇ ನಿಶ್ಚಯಿಸಿರಿ.